ಸಿಂಚನಾಳ ಬಿಕ್ಕಳಿಕೆ

ನಮ್ಮೂರಿನಲ್ಲಿ ಮದುವೆ ಆಲ್ಬಮ್ಮನ್ನು ಊಟದ ಹೊತ್ತಿಗೆ ಯಾರೂ ಬಿಡಿಸುವುದಿಲ್ಲ. ಮದುಮಗಳ ಬಾಯಲ್ಲಿ ಅನ್ನದ ತುತ್ತಿರುವಾಗ ಎಲ್ಲೋ ಒಬ್ಬರು ಅವಳ ಫೋಟೋ ನೋಡಿದರೆ ಬಿಕ್ಕಳಿಕೆ ಬಂದು ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆ ಅನ್ನುತ್ತಾರಂತೆ, ಒಂದು ಲೋಟ ನೀರು ಕುಡಿದು ಮರೆತೂ ಬಿಡುತ್ತಾರಂತೆ. ನಮ್ಮಲ್ಲಿ ಬರೀ ನೆನೆಸಿಕೊಂಡರೆ ಏನೂ ಆಗುವುದಿಲ್ಲ, ಚಿತ್ರವನ್ನೇ ನೋಡಬೇಕು. ಒಬ್ಬರು ಒಂದು ಸಲ ಕಣ್ಣು ಹಾಯಿಸಿದರೆ ಒಂದು ಬಿಕ್ಕಳಿಕೆ. ನೋಡುವವರು ಹೆಚ್ಚಾದರೆ, ನೋಡುವ ಹೊತ್ತು ಹೆಚ್ಚಾದರೆ, ಅದಕ್ಕೆ ತಕ್ಕ ಹಾಗೆ. ಅಜ್ಜಿಯರ ಕಾಲದಲ್ಲಿ ಗೋಡೆಯ ಮೇಲಿನ ಒಂದೆರಡು ಫೋಟೋ ಬಿಟ್ಟರೆ ಯಾರ ಚಿತ್ರವೂ ಇರುತ್ತಿರಲಿಲ್ಲವಾದ್ದರಿಂದ ಇದೊಂದು ತೊಂದರೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ತೊಂದರೆ ಇರಲಿ, ಅದೊಂದು ಗೌರವವೇ ಆಗಿತ್ತು. ಬಿಕ್ಕಳಿಸಿದವರನ್ನು ಕಂಡು, 'ನೋಡ್ರಪ್ಪಾ, ಎಷ್ಟು ಬೇಕಾದವರು!' ಅನ್ನುವುದು ಇಲ್ಲಿಯ ರೂಢಿ. ಲಾರಿ ಡ್ರೈವರನ ಹೆಂಡತಿ ಸಂಜೆ ಬಿಕ್ಕಳಿಸಿದಳೆಂದರೆ ಗಂಡ ದೂರದ ಯಾವುದೋ ಡಾಬಾದಲ್ಲಿ ಅವಳ ಫೋಟೋ ತೆಗೆದಿದ್ದಾನೆ ಎಂದೇ ಅರ್ಥ. ಅವಳು ನಾಚಿಕೊಂಡು ಒಳಗೆ ಹೋಗುತ್ತಾಳೆ. ಪುರಸಭೆಯ ಅಧ್ಯಕ್ಷ ಷಡಕ್ಷರಪ್ಪ ಭಾಷಣಕ್ಕೆ ನಿಲ್ಲುವ ಮುಂಚೆ ತನ್ನ ಕಡೆಯ ಹುಡುಗರನ್ನು ಮೂಲೆಯಲ್ಲಿ ಕೂರಿಸಿ ತನ್ನದೇ ಫೋಟೋ ನೋಡಿಸುತ್ತಾನೆ. ಮೈಕಿನ ಮುಂದೆ ಒಂದೆರಡು ಸಲ ಬಿಕ್ಕಳಿಸಿ, ಎದೆ ನೀವಿಕೊಂಡು, 'ಜನರ ಪ್ರೀತಿ, ಏನ್ ಮಾಡೋದು' ಅಂದ ಮೇಲೆಯೇ ಮಾತು ಶುರು. ಬಿಕ್ಕಳಿಕೆಯೇ ಬರದವರನ್ನು ಕಂಡರೆ ಅಯ್ಯೋ ಪಾಪ ಅನ್ನುವ ಊರು ಇದು. ನನಗಂತೂ ತಿಂಗಳುಗಟ್ಟಲೆ ಬರುವುದಿಲ್ಲ. ಹೊಟ್ಟೆ ತಣ್ಣಗಿದೆ.

ನಾನು ಇಲ್ಲಿಯ ಟಾಕೀಸಿನ ಒಡತಿ. ಹೆಸರು ಕಾತ್ಯಾಯಿನಿ, ಆದರೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ, ಊರಿಗೆಲ್ಲ ಟಾಕೀಸತ್ತೆ. ಮಾವನವರು ಕಟ್ಟಿಸಿದ ಟಾಕೀಸು ಗಂಡನಿಗೆ ಬಂತು, ಗಂಡ ಹೋದ ಮೇಲೆ ನನಗೆ. ಮಾವನವರ ಕಾಲದಿಂದ ಒಂದು ಕಟ್ಟಳೆ ಇತ್ತು. ಹೊರಗಿನವರ ಸಿನಿಮಾ ಎಷ್ಟು ಬೇಕಾದರೂ ಹಾಕಬಹುದು, ಊರಿನವರ ಮುಖವನ್ನು ಮಾತ್ರ ಪರದೆಯ ಮೇಲೆ ತರಬಾರದು. ಮೊದಲನೆಯ ಆಟದ ದಿನ ಬಟ್ಟೆ ಅಂಗಡಿಯ ಸಾಹುಕಾರರು ತಮ್ಮ ಮುಖದ ಜಾಹೀರಾತು ಹಾಕಿಸಿ, ತುಂಬಿದ ಟಾಕೀಸಿನಲ್ಲಿ ಬಿಕ್ಕಳಿಸಿ ಬಿಕ್ಕಳಿಸಿ ಕುರ್ಚಿಯಿಂದ ಕೆಳಗೆ ಜಾರಿದ್ದರಂತೆ. ಆ ಕಟ್ಟಳೆಯನ್ನು ನಾನೂ ಮುರಿದವಳಲ್ಲ, ಸಿಂಚನಾ ಕೇಳುವ ತನಕ.

ಸಿಂಚನಾ ಟಾಕೀಸಿನ ಹಿಂದಿನ ಮನೆಯ ಹುಡುಗಿ. ತಾಯಿ ಲೋಲಾಕ್ಷಿ ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಮನೆಯಲ್ಲಿ ಇವರಿಬ್ಬರೇ. ಹುಡುಗಿ ಎರಡನೇ ಪಿಯುಸಿ, ಓದಿನಲ್ಲಿ ಚುರುಕು, ಬಾಯಿಯೂ ಚುರುಕು. ಬಿಸಿಲು ಕಾಲ ಶುರುವಾದ ಹೊಸತರಲ್ಲಿ ಅವಳು ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕಪ್ಪು ಬಟ್ಟೆ ಕಟ್ಟಿದ ಕೋಲು. ಕಾಗೆಗಳು ಬಿಡಬೇಕಲ್ಲ! ಕೊನೆಗೆ ಪುಸ್ತಕ ಬಿಸಾಡಿ, ಕೋಲನ್ನೂ ಬಿಸಾಡಿ, ಎರಡೂ ಕೈ ಅಗಲಿಸಿ ತಾನೇ ದೊಡ್ಡ ಕಾಗೆಯಾಗಿ ಕುಣಿದು ಅವನ್ನು ಅಟ್ಟಿದಳು. ಕಾಗೆಗಳು ಹೋದ ಮೇಲೂ ಕುಣಿತ ನಿಲ್ಲಲಿಲ್ಲ. ಯಾರೂ ನೋಡುತ್ತಿಲ್ಲ ಅಂದುಕೊಂಡ ಹುಡುಗಿ ಹೇಗೆ ಕುಣಿಯುತ್ತಾಳೋ ಹಾಗೆ ಕುಣಿದು, ತಾನೇ ನಕ್ಕು ಕೂತಳು. ಎದುರು ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ವನಮಾಲಾ ಅದನ್ನು ಫೋನಿನಲ್ಲಿ ಹಿಡಿದು, ಚೆನ್ನಾಗಿದೆ ಅಂತ ತನ್ನ ತಂಗಿಗೆ ಕಳಿಸಿದಳು. ಅವಳಲ್ಲಿ ಕೆಟ್ಟ ಬುದ್ಧಿ ಎಳ್ಳಷ್ಟೂ ಇರಲಿಲ್ಲ. ಸಂಜೆಯ ಹೊತ್ತಿಗೆ ಊರಿನ ಎಲ್ಲ ಫೋನುಗಳಲ್ಲೂ ಕಾಗೆ ಡ್ಯಾನ್ಸ್.

ಜನಕ್ಕೆ ಅದು ತುಂಬಾ ಹಿಡಿಸಿತು. ಅಳುವ ಮಕ್ಕಳಿಗೆ ತೋರಿಸಿದರು, ಊಟಕ್ಕೆ ಕೂತು ನೋಡಿದರು, ಬಸ್ಸಿಗೆ ಕಾಯುತ್ತಾ ನೋಡಿದರು. ಇತ್ತ ಹುಡುಗಿಗೆ ಬಿಕ್ಕಳಿಕೆ ಹತ್ತಿತು. ಮೊದಲ ದಿನ ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು, ಅವಳೂ ನಕ್ಕಳು. ಆಮೇಲೆ ಅನ್ನ ಇಳಿಯದಾಯಿತು. ಗಂಜಿ ಕೊಟ್ಟರೆ ಅರ್ಧ ಒಳಗೆ, ಅರ್ಧ ಮೂಗಿನಲ್ಲಿ. ಕಣ್ಣು ಮುಚ್ಚಿದರೆ ಒಂದು ಬಿಕ್ಕಳಿಕೆ ಬಂದು ಎಬ್ಬಿಸುತ್ತಿತ್ತು. ಕೆನ್ನೆ ಒಳಗೆ ಹೋದವು, ಓದುತ್ತಾ ಓದುತ್ತಾ ತೂಕಡಿಸಿ ಗೋಡೆಗೆ ತಲೆ ಬಡಿಸಿಕೊಂಡಳು. ಪರೀಕ್ಷೆ ಹತ್ತಿರ ಬರುತ್ತಿತ್ತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಜನ ನೋಡೋದು ಬಿಡ್ಬೇಕು. ಹಿಂಗೇ ಊಟ ನಿದ್ದೆ ಇಲ್ದೆ ಹೋದ್ರೆ ಹುಡುಗಿ ಹಾಸಿಗೆ ಹಿಡೀತಾಳೆ" ಎಂದರು. ಲೋಲಾಕ್ಷಿ ನನ್ನ ಮುಂದೆ ಬಂದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಇಡೀ ಊರಿನ ಮೇಲೆ ಸಿಟ್ಟು ಬಂತು.

ತಾಯಿ ಮಗಳನ್ನು ಕರೆದುಕೊಂಡು ನಾನೇ ಪುರಸಭೆಗೆ ಹೋದೆ. ಜೊತೆಗೆ ಸಿಂಚನಾಳ ತರಗತಿಯ ನವಾಜ್ ಬಂದ. ಕ್ಯಾಮೆರಾ ಹುಚ್ಚಿನ ಹುಡುಗ, ಕಾಲೇಜಿನ ಎಲ್ಲ ಕಾರ್ಯಕ್ರಮಗಳ ವಿಡಿಯೊ ಅವನದೇ. ಷಡಕ್ಷರಪ್ಪ ನಮಗೆಲ್ಲ ಟೀ ತರಿಸಿದ.

ಸಿಂಚನಾ ತಡೆದು ತಡೆದು ಹೇಳಿದಳು: "ಸಾರ್, ಯಾರದಾದ್ರೂ ವಿಡಿಯೊ ತೆಗೆಯೋ ಮುಂಚೆ ಅವ್ರನ್ನ ಕೇಳ್ಬೇಕು. ಇನ್ನೊಬ್ರಿಗೆ ಕಳ್ಸೋ ಮುಂಚೆನೂ ಕೇಳ್ಬೇಕು. ಅಳಿಸಿ ಅಂದ್ರೆ ಅಳಿಸ್ಬೇಕು. ಇಷ್ಟು ನಿಯಮ ಮಾಡಿ ಸಾರ್."

"ಅಲ್ಲಮ್ಮಾ, ನಿಂಗೆ ಕೆಟ್ಟ ಹೆಸ್ರು ಬಂದಿದ್ರೆ ಕೇಳು, ನಾನೇ ಪೊಲೀಸ್ ಸ್ಟೇಷನ್ನಿಗೆ ಬರ್ತೀನಿ" ಎಂದ ಷಡಕ್ಷರಪ್ಪ. "ಜನ ನಿನ್ನ ಹೊಗಳ್ತಾ ಇದಾರೆ. ನನ್ನ ಮೊಮ್ಮಗು ನಿನ್ನ ನೋಡ್ದೆ ಹಾಲೇ ಕುಡಿಯಲ್ಲ. ಇಷ್ಟು ಬಿಕ್ಕಳಿಕೆ ಬರೋಕೆ ಪುಣ್ಯ ಮಾಡಿರ್ಬೇಕು ತಾಯಿ. ನಂಗೆ ಬರ್ಲಿ ಅಂದ್ರೂ ಬರಲ್ಲ."

"ನಿಮ್ಮ ಮೊಮ್ಮಗು ಹಾಲು ಕುಡಿಯೋಕೆ ಇವಳು ಉಪವಾಸ ಇರ್ಬೇಕೇನ್ರೀ?" ಎಂದೆ ನಾನು. ಅವನು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹೊರಗೆ ಬಂದಾಗ ನವಾಜ್ ಹೇಳಿದ: "ದೊಡ್ಡೋರ್ ಹತ್ರ ಕೇಳಿದ್ದು ಸಾಕು. ಜನರ ಹತ್ರಾನೇ ಕೇಳೋಣ. ಒಂದು ಫಿಲಂ ಮಾಡೋಣ." ಆ ಹುಡುಗನ ಉತ್ಸಾಹ ನೋಡಿ ನನಗೂ ಹುರುಪು ಬಂತು. ಲೋಲಾಕ್ಷಿಯ ಅಡುಗೆಮನೆಯಲ್ಲೇ ಚಿತ್ರೀಕರಣ. ಸಿಂಚನಾ ತಟ್ಟೆಯ ಮುಂದೆ ಕೂತಿರುತ್ತಾಳೆ, ತುತ್ತು ಎತ್ತುತ್ತಾಳೆ, ಬಿಕ್ಕಳಿಕೆ ಬರುತ್ತದೆ, ತುತ್ತನ್ನು ಕೆಳಗಿಡುತ್ತಾಳೆ. ಆಮೇಲೆ ಕ್ಯಾಮೆರಾ ನೋಡಿ, "ದಯವಿಟ್ಟು ನನ್ನನ್ನು ನೋಡಬೇಡಿ. ನನಗೆ ಊಟ ಮಾಡಬೇಕು" ಅನ್ನುತ್ತಾಳೆ. ಅಷ್ಟೇ ಸಿನಿಮಾ. ಕಲ್ಲೂ ಕರಗುವ ಹಾಗಿತ್ತು. ನಾನು ಕಣ್ಣೊರೆಸಿಕೊಂಡು, "ಕಳ್ಸೋ, ಎಲ್ಲಾರಿಗೂ ಕಳ್ಸು" ಎಂದೆ.

ನಾವು ಮೂವರೂ ಹುಟ್ಟಿದಾಗಿನಿಂದ ಇದೇ ಊರಿನವರು. ಬಿಕ್ಕಳಿಕೆ ಹೇಗೆ ಬರುತ್ತದೆ ಎಂದು ತೊಟ್ಟಿಲಲ್ಲೇ ಕಲಿತವರು. ಆದರೂ ಆ ಗಳಿಗೆಯಲ್ಲಿ ಒಬ್ಬರಿಗೂ ತಲೆ ಓಡಲಿಲ್ಲ. ಊರಿನವರು ಫಿಲಂ ನೋಡಿದರು, ಅತ್ತರು. ಛೇ ಛೇ, ಎಂಥ ಅನ್ಯಾಯ ಅಂದರು. ಅತ್ತಿದ್ದು ಸಾಲದೆ ಇನ್ನೊಮ್ಮೆ ನೋಡಿದರು, ನಾದಿನಿಗೆ ಕಳಿಸಿದರು, ಬೀಗರಿಗೆ ಕಳಿಸಿದರು. 'ಎಲ್ಲರೂ ನೋಡಲೇಬೇಕಾದ ವಿಡಿಯೊ' ಎಂದು ಮೇಲೆ ಬರೆದು ಕಳಿಸಿದರು. ಸಿಂಚನಾಳಿಗೆ ಮಾತಾಡಲೂ ಆಗದ ಹಾಗೆ ಬಿಕ್ಕಳಿಕೆ ಒತ್ತರಿಸಿಕೊಂಡು ಬಂತು. ಗೋಡೆ ಹಿಡಿದುಕೊಂಡು ನಿಂತವಳು ಹಾಗೇ ಕುಸಿದಳು. ಆಸ್ಪತ್ರೆಗೆ ಹಾಕಿ ಗ್ಲೂಕೋಸ್ ಏರಿಸಿದರು. ನವಾಜ್ ವರಾಂಡದ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತುಬಿಟ್ಟ. ನಾನೂ ಅವನ ಪಕ್ಕ ಕೂತೆ. ಬೈಯಬೇಕೆಂದರೆ ನಮ್ಮನ್ನೇ ಬೈದುಕೊಳ್ಳಬೇಕಿತ್ತು.

ಆಸ್ಪತ್ರೆಯ ಮಂಚದ ಮೇಲಿಂದಲೇ ಸಿಂಚನಾ ಒಂದು ಹಾಳೆಯಲ್ಲಿ ಬರೆದು ತೋರಿಸಿದಳು, ಮಾತು ಹೊರಡುತ್ತಿರಲಿಲ್ಲವಲ್ಲ. 'ಇನ್ನೊಂದು ಫಿಲಂ ಮಾಡೋಣ. ಅದರಲ್ಲಿ ನಾನಿರಬಾರದು. ಅವರಿರಬೇಕು.'

ಅಂದರೆ ಊರಿನವರು. ನನಗೆ ಅರ್ಥವಾಗಿದ್ದೇ ತಡ, ಮಾವನವರ ಕಟ್ಟಳೆಯನ್ನು ಗಾಳಿಗೆ ತೂರಿದೆ. ಕದ್ದು ಹಿಡಿಯೋಣ ಎಂದು ನಾನು ಹೇಳಿದ್ದೆ. ಮಾರ್ಕೆಟ್ಟಿನಲ್ಲಿ ನಿಂತು, ಅವರಿಗೇ ಗೊತ್ತಾಗದ ಹಾಗೆ, ಮೂಗಿನಲ್ಲಿ ಬೆರಳು ಹಾಕಿಕೊಂಡಿದ್ದನ್ನೆಲ್ಲ ಹಿಡಿದು ಪರದೆಗೆ ಏರಿಸೋಣ, ಬುದ್ಧಿ ಬರಲಿ ಎಂದು. ಸಿಂಚನಾ ತಲೆ ಅಲ್ಲಾಡಿಸಿ, ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಕೇಳಿ ತೆಗೆಯೋಣ' ಎಂದು ಬರೆದಳು. ನವಾಜ್ ಅವಳ ಪರ. ಹುಡುಗರ ಮುಂದೆ ನನ್ನ ಆಟ ನಡೆಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋದರು. ನವಾಜ್ ಮಾತಾಡುತ್ತಿದ್ದ, ಸಿಂಚನಾ ಪಕ್ಕದಲ್ಲಿ ಬಿಕ್ಕಳಿಸುತ್ತಾ ನಿಂತಿರುತ್ತಿದ್ದಳು. "ನಿಮ್ದೊಂದು ವಿಡಿಯೊ ತೆಗಿತೀವಿ. ಟಾಕೀಸಲ್ಲಿ ದೊಡ್ಡ ಪರದೆ ಮೇಲೆ ತುಂಬಿದ ಜನಕ್ಕೆ ತೋರಿಸ್ತೀವಿ. ಬಿಕ್ಕಳಿಕೆ ಬರುತ್ತೆ. ಆಗಬಹುದಾ?" ಎಂದು ನೇರವಾಗಿಯೇ ಕೇಳುತ್ತಿದ್ದ. ಜನಕ್ಕೆ ಆಶ್ಚರ್ಯ. ವಿಡಿಯೊ ತೆಗೆಯುವುದಕ್ಕೆ ಅವರನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹೂವಿನ ರೇಣುಕವ್ವ ಮಾತ್ರ, "ನಂದು ಬ್ಯಾಡ ಕಣಪ್ಪ, ನಂಗೆ ಮೊದ್ಲೇ ಎದೆ ನೋವು" ಎಂದಳು. ನವಾಜ್ ಕ್ಯಾಮೆರಾ ಕೆಳಗಿಳಿಸಿ, "ಆಯ್ತವ್ವ" ಎಂದು ಮುಂದೆ ಹೋದ. ರೇಣುಕವ್ವ ಅವನು ಹೋದ ದಾರಿಯನ್ನೇ ನೋಡುತ್ತಾ ನಿಂತಳು. ಬೇಡ ಅಂದರೆ ನಡೆಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೋ ಏನೋ.

ಉಳಿದವರೆಲ್ಲ ತುದಿಗಾಲಲ್ಲಿ ನಿಂತಿದ್ದರು. ಟಾಕೀಸಿನ ಪರದೆ, ತುಂಬಿದ ಜನ, ಅದೂ ಬಿಕ್ಕಳಿಕೆಯ ಗೌರವ! ಮದುವೆ ಸೀರೆ ಹೊರಗೆ ಬಂದವು. ಗಂಡಸರು ಮೀಸೆಗೆ ಬಣ್ಣ ಹಚ್ಚಿಸಿಕೊಂಡರು. ವನಮಾಲಾ ಹೊಸ ಕಿವಿಯೋಲೆ ಹಾಕಿಕೊಂಡು ಬಟ್ಟೆ ಒಣಗಿಸಿದಳು. ಒಬ್ಬೊಬ್ಬರಿಗೆ ಇಟ್ಟಿದ್ದ ಎರಡು ನಿಮಿಷ ಷಡಕ್ಷರಪ್ಪನಿಗೆ ಸಾಲದಾಯಿತು. "ಮೊದ್ಲು ನಂದೇ ಬರ್ಲಿ. ಎಲ್ಲಾರ್ಗಿಂತ ಉದ್ದ ಇರ್ಲಿ. ನಾನು ನಡ್ಕೊಂಡು ಬರೋದು, ಗಿಡಕ್ಕೆ ನೀರು ಹಾಕೋದು, ನಗೋದು, ಎಲ್ಲಾ ಹಾಕಪ್ಪ" ಎಂದ. ಸಿಂಚನಾ ಬಿಕ್ಕಳಿಸುತ್ತಲೇ ಅವನನ್ನು ಎರಡನೇ ಸಲ ಕೇಳಿದಳು, "ಸಾರ್, ಕಷ್ಟ ಆಗುತ್ತೆ. ಪರವಾಗಿಲ್ವಾ?" ಷಡಕ್ಷರಪ್ಪ ನಕ್ಕು, "ಯೋಗ ಬಂದಾಗ ಬೇಡ ಅನ್ನೋಕಾಗುತ್ತಾ?" ಎಂದ.

ಭಾನುವಾರ ಮಧ್ಯಾಹ್ನದ ಆಟ. ಟಾಕೀಸು ಅಷ್ಟು ತುಂಬಿದ್ದನ್ನು ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ನೋಡಿದ್ದೇ ಇಲ್ಲ. ಕುರ್ಚಿ ಸಾಲದೆ ನೆಲದ ಮೇಲೂ ಕೂತಿದ್ದರು. ಷಡಕ್ಷರಪ್ಪ ಮುಂದಿನ ಸಾಲಿನ ನಡುವೆ, ಜರಿ ಶಲ್ಯ ಹೊದ್ದು. ಪರದೆಯ ಮೇಲೆ ಅವನು ನಡೆದು ಬಂದ. ಜನ ಶಿಳ್ಳೆ ಹಾಕಿದರು. ಕುರ್ಚಿಯಲ್ಲಿದ್ದ ಷಡಕ್ಷರಪ್ಪ ಮೊದಲ ಬಿಕ್ಕಳಿಕೆಗೆ ಎದೆ ನೀವಿಕೊಂಡು ಹಿಂದಕ್ಕೆ ತಿರುಗಿ ಕೈ ಮುಗಿದ. ಎರಡನೆಯದು ಬಂತು, ಮೂರನೆಯದು ಬಂತು, ಆಮೇಲೆ ಒಂದರ ಬೆನ್ನಿಗೆ ಒಂದು. ಪರದೆಯ ಮೇಲಿನ ಷಡಕ್ಷರಪ್ಪ ನಿಧಾನವಾಗಿ ಗಿಡಕ್ಕೆ ನೀರು ಹಾಕುತ್ತಿದ್ದ. ಕೆಳಗಿನವನ ಶಲ್ಯ ಜಾರಿತು, ಕಣ್ಣಲ್ಲಿ ನೀರು ಬಂತು, ಕುಡಿಯಲು ಕೊಟ್ಟ ನೀರು ಶರಟಿನ ಮೇಲೆ ಚೆಲ್ಲಿತು. ಉಸಿರು ಎಳೆದುಕೊಳ್ಳುವುದಕ್ಕೂ ಬಿಡುವಿಲ್ಲ. ಶಿಳ್ಳೆ ನಿಂತುಹೋಯಿತು. ಆದರೆ ಎಲ್ಲರ ಕಣ್ಣು ಪರದೆಯ ಮೇಲೇ ಇತ್ತು, ದೊಡ್ಡ ಪರದೆಯಿಂದ ಕಣ್ಣು ಕೀಳುವುದು ಸುಲಭವಲ್ಲ.

"ನಿಲ್... ನಿಲ್ಸಿ..." ಎಂದ ಷಡಕ್ಷರಪ್ಪ.

ನಾನು ಮೇಲಿನ ಕೋಣೆಯಲ್ಲಿ ಮೆಷಿನ್ನಿನ ಪಕ್ಕ ನಿಂತಿದ್ದೆ. ನಿಲ್ಲಿಸುವ ಮನಸ್ಸು ನನಗೆ ಖಂಡಿತ ಇರಲಿಲ್ಲ. ಇನ್ನೂ ಸ್ವಲ್ಪ ಅನುಭವಿಸಲಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕೆಳಗಿನಿಂದ ಸಿಂಚನಾ ಎರಡೂ ಕೈ ಎತ್ತಿ ನನ್ನ ಕಡೆ ಬೀಸಿದಳು, "ಅತ್ತೆ, ನಿಲ್ಸಿ! ಈಗ್ಲೇ ನಿಲ್ಸಿ!" ನಿಲ್ಲಿಸಿದೆ. ದೀಪ ಹಾಕಿದೆ.

ಅವಳು ಪರದೆಯ ಮುಂದೆ ಬಂದು ನಿಂತಳು. ತೋಳು ಕಡ್ಡಿಯಾಗಿತ್ತು, ರವಿಕೆ ಸಡಿಲವಾಗಿ ಜೋಲುತ್ತಿತ್ತು. ಊರಿನವರು ಅವಳನ್ನು ಫೋನಿನಲ್ಲಿ ಬಿಟ್ಟು ಎದುರಿಗೆ ಸರಿಯಾಗಿ ನೋಡಿದ್ದು ಆವತ್ತೇ ಇರಬೇಕು. "ಸಾರ್ ನಿಲ್ಸಿ ಅಂದ್ರು. ನಿಲ್ಸಿದ್ವಿ" ಎಂದಳು. ಒಂದು ಬಿಕ್ಕಳಿಕೆ. "ನಾನು ಕೇಳಿದ್ದೂ ಇಷ್ಟೇ." ಇನ್ನೊಂದು ಬಿಕ್ಕಳಿಕೆ. ಇನ್ನು ಮಾತಾಡಲು ಶಕ್ತಿ ಸಾಲದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಂಡಳು.

ಮೊದಲು ಎದ್ದು ನಿಂತವಳು ವನಮಾಲಾ. ಮುಖ ಕೆಂಪಾಗಿತ್ತು. "ನಾನೇ ಅಲ್ವಾ ತೆಗ್ದಿದ್ದು. ಅಳಿಸ್ತಾ ಇದೀನಿ ಕಣೇ" ಎಂದು ಫೋನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಅಳಿಸಿದಳು. ಆಮೇಲೆ ಟಾಕೀಸಿನ ತುಂಬ ಫೋನುಗಳ ಬೆಳಕು. ಕಾಗೆ ಡ್ಯಾನ್ಸೂ ಹೋಯಿತು, ಅಡುಗೆಮನೆಯ ಫಿಲಮ್ಮೂ ಹೋಯಿತು. ಅಳಿಸಲು ಬಾರದ ಮುದುಕರಿಗೆ ನವಾಜ್ ಸಾಲು ಸಾಲಾಗಿ ಹೋಗಿ ಕಲಿಸಿಕೊಟ್ಟ. ಟಾಕೀಸಿಗೆ ಬಾರದವರ ಮನೆಗೆ ಜನ ಓಡಿದರು, ಪರಊರಿನ ನೆಂಟರಿಗೆ ಫೋನು ಮಾಡಿ ಅಳಿಸಲು ಹೇಳಿದರು. ಷಡಕ್ಷರಪ್ಪ ಮುಖ ತೊಳೆದುಕೊಂಡು ಬಂದು, ಮುಂದಿನ ಸಭೆಯಲ್ಲಿ ಠರಾವು ಮಾಡುತ್ತೇನೆ ಎಂದ. ಮಾಡಿದ ಕೂಡ. ಅದನ್ನು ಪಾಲಿಸುವವರು ಪಾಲಿಸುತ್ತಾರೆ, ಬಿಡುವವರು ಬಿಡುತ್ತಾರೆ, ಅದು ಬೇರೆ ಮಾತು.

ಸಿಂಚನಾಳ ಬಿಕ್ಕಳಿಕೆ ವಿರಳವಾಗುತ್ತಾ ಬಂತು. ನಿಂತೇ ಹೋಯಿತು ಎಂದು ನಾವೆಲ್ಲ ಉಸಿರು ಬಿಡುವಾಗ ಒಂದು ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಂದು. "ಇನ್ನೂ ಯಾರ ಹತ್ರನೋ ಇದೆ" ಎಂದ ನವಾಜ್. ಎಲ್ಲರೂ ಫೋನು ಎತ್ತಿ ತೋರಿಸಿದರು, ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ನಾನು ಲೋಲಾಕ್ಷಿಯನ್ನು ಹುಡುಕಿದೆ, ಮಗಳ ಪಕ್ಕ ಇರಬೇಕಾದವಳು ಅಲ್ಲಿರಲಿಲ್ಲ.

ಅವಳು ಹೊರಗೆ ಟಿಕೆಟ್ ಕೌಂಟರಿನ ಹಿಂದಿನ ಮೂಲೆಯಲ್ಲಿ ಕೂತಿದ್ದಳು, ಗೋಡೆಯ ಕಡೆ ಮುಖ ಮಾಡಿಕೊಂಡು. ಕೈಯಲ್ಲಿ ಫೋನು. ನಾನು ಅವಳ ಹೆಗಲ ಮೇಲೆ ಕೈ ಇಟ್ಟಾಗ ಬೆಚ್ಚಿಬಿದ್ದಳು. ನನ್ನ ಹಿಂದೆಯೇ ಸಿಂಚನಾ ಬಂದಿದ್ದಳು.

"ಎಲ್ಲಾರೂ ಅಳಿಸಿಬಿಟ್ರೆ ಇನ್ನ ಸಿಗಲ್ವಲ್ಲ ಅಂತ ಕಣೇ... ಕೊನೇದಾಗಿ ಒಂದ್ಸಲ ನೋಡ್ಕೊಳೋಣ ಅಂತ" ಎಂದಳು ಲೋಲಾಕ್ಷಿ.

"ಮನೇಲೂ ನೋಡ್ತಿದ್ಯಾಮ್ಮಾ?"

ತಾಯಿ ವಿಡಿಯೊ ನಿಲ್ಲಿಸಿದಳು. "ನೀನು ಮಲಗಿದ್ಮೇಲೆ ನೋಡ್ತಿದ್ದೆ. ಇದ್ರಲ್ಲಿ ನೀನು ನಗ್ತೀಯ. ಎದ್ದಿದ್ದಾಗ ನಿನ್ನ ಮುಖದಲ್ಲಿ ನಗುವೇ ಇರ್ತಿರ್ಲಿಲ್ಲ. ಊರೆಲ್ಲ ನೋಡುವಾಗ ನಾನೊಬ್ಳು ನೋಡಿದ್ರೆ ಏನಾಗುತ್ತೆ ಅಂದ್ಕೊಂಡೆ."

ಮಗಳ ನಿದ್ದೆ ಕೆಡಿಸಿದ್ದರಲ್ಲಿ ತನ್ನದೂ ಪಾಲಿದೆ ಎಂದು ಆ ಮಾತು ಹೇಳುವಾಗಲೇ ಅವಳಿಗೆ ಹೊಳೆದಿರಬೇಕು. ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸಿಂಚನಾ ತಾಯಿಯ ಕೈಯಿಂದ ಫೋನು ತೆಗೆದುಕೊಂಡಳು. ಈಗ ಅಳಿಸುತ್ತಾಳೆ ಎಂದುಕೊಂಡೆ. ಅವಳು ಅದನ್ನು ತಿರುಗಿ ತಾಯಿಯ ಕೈಯಲ್ಲೇ ಇಟ್ಟಳು.

"ನಿನ್ನ ಹತ್ರ ಒಂದು ಇರ್ಲಿ. ಬೇರೆ ಯಾರಿಗೂ ಕಳಿಸ್ಬೇಡ. ನೋಡ್ಬೇಕು ಅನ್ನಿಸ್ದಾಗ ನನ್ನ ಕೇಳು. ನಾನು ಹೂಂ ಅಂದ್ರೆ ನೋಡು."

ಲೋಲಾಕ್ಷಿ ಕಣ್ಣೊರೆಸಿಕೊಂಡು ಮಗಳ ಮುಖ ನೋಡಿದಳು. ಕೇಳಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಚಿಕ್ಕ ಮಗು ಕೇಳುವ ಹಾಗೆ ಕೇಳಿದಳು: "ಈಗ ಒಂದ್ಸಲ ನೋಡ್ಲಾ?"

"ಈಗ ಬೇಡಮ್ಮ. ಮೊದ್ಲು ಅನ್ನ ಹಾಕು. ಹೊಟ್ಟೆ ಹಸೀತಿದೆ."

ಲೋಲಾಕ್ಷಿ ಫೋನನ್ನು ನನ್ನ ಕೈಗೆ ತುರುಕಿ, ಮಗಳ ಕೈ ಹಿಡಿದುಕೊಂಡು ಮನೆಯ ಕಡೆ ಓಡಿದಳು. ನಾನು ಫೋನನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ಸಿಂಚನಾಳ ಊಟ ಮುಗಿಯುವ ತನಕ ಅಲ್ಲೇ ಕೂತಿದ್ದೆ.